ಪುರಂದರನ ಡಬ್ಬಿ

ಒಂದಾನೊಂದು ಕಾಲದಲ್ಲಿ, ಕಡಲಿಗೂ ಹೊಳೆಗೂ ನಡುವೆ ಸಿಕ್ಕಿಕೊಂಡ ಒಂದು ಮರಳ ದಿಬ್ಬದ ಮೇಲೆ, ಒಬ್ಬ ಧಣಿ ಇದ್ದನಂತೆ. ಅವನಿಗೆ ಚಿನ್ನ ಬೇಡ, ಗದ್ದೆ ಬೇಡ. ಊರಿನವರ ನಾಲಿಗೆಗಳನ್ನು ಒಂದೊಂದಾಗಿ ಗಂಟುಕಟ್ಟಿ ಮಾಡಿನಿಂದ ನೇತುಹಾಕುವುದೇ ಅವನ ಆಟ. ಕೊನೆಗೆ ಊರಿನಲ್ಲಿ ಎರಡೇ ನಾಲಿಗೆ ಉಳಿದವು. ಒಂದನ್ನು ಅವನು ಮೀನು ಮಾರ್ಕೆಟ್ಟಿನ ಎದುರು, ಹಾಡುಹಗಲೇ, ಎಲ್ಲರೂ ನೋಡುತ್ತಿರುವಾಗ ಕತ್ತರಿಸಿದ. ಇನ್ನೊಂದು ಕಡಲು ದಾಟಿ ಓಡಿತು.

ನನ್ನ ಅಜ್ಜಿ ಇದ್ದಿದ್ದರೆ ಈ ಕಥೆಯನ್ನು ಹೀಗೆಯೇ ಶುರುಮಾಡುತ್ತಿದ್ದಳು. ಓಡಿದ ನಾಲಿಗೆ ಎಲ್ಲಿ ಅಡಗಿತು ಎಂದು ನಾನು ಕೇಳಿದರೆ, ‘ಏಳು ಬಾಗಿಲಿನ ಒಳಗೆ ಮಗಾ’ ಎನ್ನುತ್ತಿದ್ದಳು.

ನಿಜದಲ್ಲಿ ಬಾಗಿಲು ಇದ್ದದ್ದು ಒಂದೇ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ‘ಇಂಗ್ಲೆಂಡ್’ ಎಂದು ಹೆಸರಿಟ್ಟ ಕ್ಲಸ್ಟರಿನ ಮೂರನೆಯ ಮಹಡಿಯಲ್ಲಿ, ನಮ್ಮ ಫ್ಲ್ಯಾಟಿಗೆ ಎದುರು. ಮಾರ್ಚ್ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನಕ್ಕೇ ಕೆಲಸ ಮುಗಿಸಿ ಬಂದಾಗ ಆ ಬಾಗಿಲು ತೆರೆದಿತ್ತು.

ಅದು ಯಾವತ್ತೂ ತೆರೆದಿರುವ ಬಾಗಿಲಲ್ಲ.

“ಡ್ಯಾ—” ಬಾಯಿಗೆ ಬಂದ ಹೆಸರನ್ನು ನುಂಗಿಕೊಂಡೆ. “ಪುರಂದರ?”

ಹೊಸ್ತಿಲಿನ ಒಳಗೆ ಮೆಸ್ಸಿನ ಸ್ಟೀಲ್ ಡಬ್ಬಿ ಮಗುಚಿ ಬಿದ್ದಿತ್ತು. ಕುಚ್ಚಲಕ್ಕಿ ಅನ್ನ, ಬೇಳೆ ಸಾರು, ಅಲಸಂಡೆ ಪಲ್ಯ—ಎಲ್ಲ ನೆಲದ ಮೇಲೆ. ಅನ್ನದ ಮೇಲೆ ಬೂಟಿನ ಅಚ್ಚು. ಅದರಾಚೆ, ಸೋಫಾದ ಪಕ್ಕ, ಅವನು ಬೋರಲು ಬಿದ್ದಿದ್ದ. ತಲೆಗೆ ದಿಂಬಿನ ಚೀಲ ಎಳೆದು ಕಟ್ಟಿದ್ದರು. ಬಲಗೈಯ ಬೆರಳುಗಳು ಬಾಗಬಾರದ ಕಡೆಗೆ ಬಾಗಿದ್ದವು.

ಎಡಗೈಯನ್ನು ಯಾರೂ ಮುಟ್ಟಿರಲಿಲ್ಲ.

ನಾನು ಕಿರುಚಿದ್ದು ನನಗೆ ನೆನಪಿಲ್ಲ. ಪಕ್ಕದ ಫ್ಲ್ಯಾಟಿನ ಫಿಲಿಪಿನೋ ಹೆಂಗಸು ಓಡಿಬಂದು ಆಂಬುಲೆನ್ಸ್ ಕರೆದಳು. ಪೊಲೀಸರು ಬಂದರು, ಅಚ್ಚುಕಟ್ಟಾಗಿ ಕೆಲಸ ಮಾಡಿದರು. ಲಿಫ್ಟಿನ ಕ್ಯಾಮರಾದಲ್ಲಿ ಟೊಪ್ಪಿ ಹಾಕಿದ ಇಬ್ಬರು ಸಿಕ್ಕರು—ವಿಸಿಟ್ ವೀಸಾದಲ್ಲಿ ಬಂದವರು. ಅವರ ಹೆಸರು ತಿಳಿಯುವಷ್ಟರಲ್ಲಿ ಇಬ್ಬರೂ ವಿಮಾನ ಹತ್ತಿ ಆಗಿತ್ತು. ಲ್ಯಾಪ್‌ಟಾಪು, ಫೋನು, ಎರಡೂ ಅವರ ಜೊತೆಗೇ ಹೋಗಿದ್ದವು.

ಸಂಜೆ ಆಸ್ಪತ್ರೆಯಿಂದ ಬಂದು ನೋಡಿದರೆ ನನ್ನ ಡಬ್ಬಿ ನಮ್ಮ ಬಾಗಿಲ ಹಿಡಿಯಲ್ಲಿ ಹಾಗೇ ನೇತಾಡುತ್ತಿತ್ತು. ತೆರೆದೆ. ಕೋಳಿ ಸುಕ್ಕ. ಮುಚ್ಚಿಟ್ಟೆ.

ಹೊಡೆದವರು ಯಾರೆಂದು ಗೊತ್ತಾಯಿತು. ಸರಿ. ಈ ಬಾಗಿಲನ್ನು ಅವರಿಗೆ ತೋರಿಸಿದವರು ಯಾರು?

*

ಅವನ ನಿಜವಾದ ಹೆಸರು ಡ್ಯಾರಲ್. ನಮ್ಮ ಕರಾವಳಿಯ ಸಂಕದಬೆಂಗ್ರೆ ಎಂಬ ಬಂದರಿನವನು. ಅಲ್ಲಿ ‘ಬೆಂಗ್ರೆ ವಾರ್ತೆ’ ಎಂಬ ಒಂದು ಸಣ್ಣ ವೆಬ್ ಪತ್ರಿಕೆ. ಸಂಪಾದಕರು ಕಜೆತಾನ್ ಸರ್, ವರದಿಗಾರ ಇವನು, ಅಷ್ಟೇ ಅದರ ಸಿಬ್ಬಂದಿ. ಧಣಿಯ ಬೋಟುಗಳಲ್ಲಿ ಮೀನಿನ ಐಸಿನ ಕೆಳಗೆ ಅಮಲಿನ ಪೌಡರ್ ಬರುತ್ತದೆ, ಶಾಲೆಯ ಮಕ್ಕಳವರೆಗೂ ಹೋಗುತ್ತದೆ ಎಂದು ಅವರು ಎರಡು ಕಂತು ಬರೆದರು. ಠಾಣೆ ಧಣಿಯ ಕಡೆ, ಪಂಚಾಯಿತಿ ಧಣಿಯ ಕಡೆ. ಎರಡನೆಯ ಕಂತು ಬಂದ ವಾರ ಕಜೆತಾನ್ ಸರ್ ಅವರನ್ನು ಕತ್ತಿಯಿಂದ ಕಡಿದರು. ನೋಡಿದವರು ಊರು ತುಂಬ. ಸಾಕ್ಷಿ ಹೇಳುವವರು ಒಬ್ಬರೂ ಇಲ್ಲ.

ಮೂರನೆಯ ಕಂತಿನಲ್ಲಿ ಹೆಸರುಗಳಿದ್ದವು. ವಿಡಿಯೊಗಳು ಕಜೆತಾನ್ ಸರ್ ಅವರ ಹೆಂಡತಿ ಕಾರ್ಮಿನ್ ಅವರ ಹತ್ತಿರ ಭದ್ರವಾಗಿದ್ದವು. ಯಾವ ವಿಡಿಯೊದಲ್ಲಿ ಯಾರು, ಯಾವ ಬೋಟು, ಯಾರ ಮನೆಯ ಅಂಗಳ—ಅದೆಲ್ಲ ಡ್ಯಾರಲ್‌ನ ತಲೆಯಲ್ಲಿತ್ತು. ಶವಪೆಟ್ಟಿಗೆ ಮುಚ್ಚುವ ಮೊದಲು ಅವನು, ತಾನು ಗೌರವದಿಂದ ‘ಬಾಯಿ’ ಎಂದು ಕರೆಯುವ ಕಾರ್ಮಿನ್ ಅವರಿಗೆ ಮಾತು ಕೊಟ್ಟಿದ್ದ: “ಮೂರನೆಯದು ಬರ್ತದೆ ಬಾಯಿ. ಸರ್ ಹೆಸರಲ್ಲೇ ಬರ್ತದೆ.”

ಅವನನ್ನು ಇಲ್ಲಿಗೆ ಕರೆಸಿಕೊಂಡವಳು ನನ್ನ ರೂಮಿನ ವೆಲಿಟಾ, ಅವನ ದೊಡ್ಡಮ್ಮನ ಮಗಳು, ನರ್ಸು. ಎದುರು ಫ್ಲ್ಯಾಟಿನ ಸುಜಿತ್ ತನ್ನ ಹಾಲ್‌ನಲ್ಲಿ ಅವನಿಗೆ ಜಾಗ ಕೊಟ್ಟ. ವೀಸಾ ಕೆಲಸ ಮಾಡಿಕೊಟ್ಟವರು, ಸರಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನ ಜಮೀಲಕ್ಕ. ಇವರನ್ನು ಬಿಟ್ಟು ಉಳಿದವರಿಗೆಲ್ಲ ಅವನು ಪುರಂದರ, ಉಡುಪಿ ಕಡೆಯ ಹುಡುಗ, ಕೆಲಸ ಹುಡುಕುತ್ತಿದ್ದಾನೆ. ಕಿಟಕಿ ತೆರೆಯುವಂತಿಲ್ಲ, ಮೆಟ್ಟಿಲಿಳಿಯುವಂತಿಲ್ಲ, ಪೂಜೆಗೆ ಊದ್ ಮೇಥಾದ ಚರ್ಚಿಗೆ ಹೋಗುವಂತಿಲ್ಲ. ಅಲ್ಲಿ ಊರಿನವರು ಯಾರಾದರೂ ಸಿಕ್ಕಿಬಿಡುತ್ತಾರೆ. ಗಾಳಿ ತಿರುಗಿದಾಗ ಬರುವ ಗಟಾರದ ವಾಸನೆಯೊಂದೇ ಅವನಿಗೆ ಹೊರಗಿನ ಸುದ್ದಿ.

*

“ಅಕ್ಷಿತಾ, ಅಳುವುದು ಆಯ್ತಾ? ಆಗಿದ್ರೆ ಮಾತಾಡುವಾ.”

ಹೀಗೆ ಶುರುಮಾಡುವವರು ಲೋಲಾಕ್ಷಿಯಕ್ಕ. ವಾಹನ ವಿಮೆಯ ಸರ್ವೇಯರ್. ರಾಸ್ ಅಲ್ ಖೋರಿನ ಗ್ಯಾರೇಜುಗಳಲ್ಲಿ ಸ್ಕೂಟಿಯಷ್ಟೇ ಎತ್ತರದ ಅವರ ದೇಹ ಕಂಡರೆ ಮೆಕ್ಯಾನಿಕ್‌ಗಳು ಚಹಾ ಬಿಟ್ಟು ಏಳುತ್ತಾರೆ. ಒಂಟೆ ಅಡ್ಡ ಬಂತು ಎಂದು ಕ್ಲೇಮ್ ಹಾಕಿದವನ ಬಂಪರಿನಲ್ಲಿ ಹಸಿರು ಪೇಂಟ್ ತೋರಿಸಿ, “ಹಸಿರು ಒಂಟೆಯಾ ಮಾರಾಯ?” ಎಂದು ಕೇಳಿದವರು. ನಾನು ಅವರ ಅಸಿಸ್ಟೆಂಟ್—ಫೋಟೊ ತೆಗೆಯುವುದು, ಬೈಗುಳ ತಿನ್ನುವುದು.

ಹಿಂದಿನ ರಾತ್ರಿಯೇ ಅವರಿಗೆ ಎಲ್ಲ ಹೇಳಿದ್ದೆ. ಶನಿವಾರ ಬೆಳಿಗ್ಗೆ ನಾವಿಬ್ಬರೂ ಆಸ್ಪತ್ರೆಯಲ್ಲಿ ಡ್ಯಾರಲ್‌ನ ಹಾಸಿಗೆಯ ಪಕ್ಕ ಕೂತಿದ್ದೆವು. ಬಲಗೈ ಮೊಣಕೈಯವರೆಗೆ ಪ್ಲಾಸ್ಟರಿನಲ್ಲಿತ್ತು. ಹಣೆಯಲ್ಲಿ ಹೊಲಿಗೆ.

“ಬಾಗಿಲು ಯಾಕೆ ತೆರೆದದ್ದು?” ಲೋಲಾಕ್ಷಿಯಕ್ಕ ಕೇಳಿದರು.

“‘ಮೆಸ್’ ಅಂತ ಕರೆದರು. ಊಟದ ಹೊತ್ತು. ಡಬ್ಬಿ ಹಿಡಿಯಲ್ಲೇ ನೇತಾಡ್ತಿತ್ತು, ಕೈಗೆ ತಗೊಂಡೆ—ಅಷ್ಟರಲ್ಲಿ ನುಗ್ಗಿದರು.”

“ಈ ಬಿಲ್ಡಿಂಗಿನಲ್ಲಿ ‘ಮೆಸ್’ ಅಂತ ಕೂಗಿದ್ರೆ ಎಲ್ಲ ಬಾಗಿಲೂ ತೆರೀತದೆ. ಅದರಿಂದ ಎಂತದೂ ಗೊತ್ತಾಗುವುದಿಲ್ಲ. ಎಂತ ಹೇಳಿದ್ರು ಅವರು?”

“ಬರೆಯುವ ಕೈ ಯಾವುದು ಅಂತ ಕೇಳಿದರು.” ಅವನು ಗೋಡೆಯ ಕಡೆ ತಿರುಗಿದ. “ನಾನು ಹೇಳಿಬಿಟ್ಟೆ ಅಕ್ಕ. ಹೆದರಿಕೆಯಲ್ಲಿ ಬಾಯಿಗೆ ನಿಜವೇ ಬಂತು.”

ಲೋಲಾಕ್ಷಿಯಕ್ಕ ಅವನ ಹೊದಿಕೆ ಸರಿಮಾಡಿದರು.

“ಮತ್ತೆ?”

“‘ಇಲ್ಲಿ ಕೊಂದರೆ ತಲೆಬಿಸಿ. ವೀಸಾ ಮುಗಿದ ಮೇಲೆ ಊರಿಗೇ ಬರ್ತೀಯಲ್ಲ’ ಅಂದರು.”

ಹಿಂದೆ ಹೋದರೆ ಧಣಿ. ಇಲ್ಲೇ ಇದ್ದರೆ, ಧಣಿಗೆ ದಾರಿ ತೋರಿಸಿದ ಆ ಯಾರೋ.

“ಊಟ-ತಿಂಡಿ ಸರಿ ಸಿಗ್ತಿತ್ತಾ ಇಷ್ಟು ದಿನ?” ಲೋಲಾಕ್ಷಿಯಕ್ಕ ಇದ್ದಕ್ಕಿದ್ದಂತೆ ಕೇಳಿದರು.

ಡ್ಯಾರಲ್‌ನ ಒಡೆದ ತುಟಿ ಸ್ವಲ್ಪ ಅರಳಿತು. “ಅದೊಂದಕ್ಕೆ ತೊಂದರೆ ಇಲ್ಲ. ಕೊರಗಪ್ಪಣ್ಣನ ಕೈಯಲ್ಲಿ ಊರಿನ ರುಚಿ ಉಂಟು. ಸೋಮವಾರದ ಬಂಗುಡೆ ಪುಳಿಮುಂಚಿ ಒಂದು ಸಾಕು. ಇದು ಈಸ್ಟರಿಗೆ ಮೊದಲಿನ ನಮ್ಮ ತಪಸ್ಸಿನ ಕಾಲ ಅಲ್ಲವಾ, ಲೆಂಟು? ಪೂಜೆಗಂತೂ ಹೋಗಲಿಕ್ಕಿಲ್ಲ, ಶುಕ್ರವಾರ ಮಾಂಸ ಮುಟ್ಟುವುದಿಲ್ಲ ಅಂತ ಅಷ್ಟಾದರೂ ನಡೆಸಿಕೊಂಡು ಬಂದೆ. ಮೆಸ್ಸಿನಲ್ಲಿ ಶುಕ್ರವಾರ ಹೇಗೂ ತರಕಾರಿಯೇ.”

ಲೋಲಾಕ್ಷಿಯಕ್ಕ ಚೀಲದಿಂದ ನೀರಿನ ಬಾಟಲಿ ತೆಗೆದರು, ಕುಡಿಯದೆ ಮತ್ತೆ ಒಳಗಿಟ್ಟರು.

ಹೊರಗೆ ಕಾರಿಡಾರಿನಲ್ಲಿ ನಾನು ಹೇಳಿದೆ: “ಅಕ್ಕ, ನಾಳೆ ಸಂಜೆ ಡಿಸ್ಚಾರ್ಜ್ ಅಂತೆ. ಎಲ್ಲಿಗೆ ಕರಕೊಂಡು ಹೋಗುವುದು? ಮೂರು ಕಡೆಯಿಂದ ಕರೀತಿದ್ದಾರೆ. ಅಬುಧಾಬಿ ಹತ್ತಿರ ಮುಸಫ್ಫಾದಲ್ಲಿ ಸುಜಿತನ ಗೆಳೆಯನ ರೂಮು ಉಂಟು. ಜಮೀಲಕ್ಕನ ತಂಗಿ ಮೈಮೂನ ಅಬುಧಾಬಿಯಲ್ಲೇ ಮನೆ ಮಾಡಿದ್ದಾರೆ. ಮೆಸ್ಸಿನ ಕೊರಗಪ್ಪಣ್ಣನೂ ಕರೆದರು—ಪಾಪ ಉಡುಪಿ ಹುಡುಗ, ನನ್ನ ಕಿಚನ್ನಿನ ಮೇಲೆ ರೂಮು ಖಾಲಿ ಉಂಟು ಅಂತ.”

“ಮೂರು ಬಾಗಿಲು,” ಎಂದರು ಲೋಲಾಕ್ಷಿಯಕ್ಕ. “ನಿನ್ನ ಅಜ್ಜಿಗೆ ಖುಷಿಯಾಗ್ತಿತ್ತು. ಒಂದರ ಹಿಂದೆ ಹುಲಿ ಉಂಟು. ಯಾವುದು ಅಂತ ನಾಳೆ ಸಂಜೆಯೊಳಗೆ ಹೇಳಬೇಕು. ತಪ್ಪಿದರೆ ಮುಂದಿನ ಸಲ ಕೈ ಮುರಿಯುವುದಿಲ್ಲ ಅವರು.”

“ಗೊತ್ತಿದ್ದವರು ಮೂವರೇ. ವೆಲಿಟಾ, ಸುಜಿತ್, ಜಮೀಲಕ್ಕ.”

“ನಾಲ್ಕು. ನಿನ್ನನ್ನು ಬಿಟ್ಟದ್ದು ಯಾಕೆ?”

“ಅಕ್ಕ!”

“ಕಣ್ಣು ಹಾಗೆ ಬಿಡಬೇಡ. ನೀನು ನಿದ್ರೆಯಲ್ಲಿ ಹೇಳಿದ್ದರೂ ಹೇಳಿದ್ದೇ.”

*

ವೆಲಿಟಾ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. “ದೇವಾ, ನಾನೇ ಕರೆಸಿ ನಾನೇ ಕೊಂದೆ” ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಶುಕ್ರವಾರ ಅವಳಿಗೆ ಡ್ಯೂಟಿ; ಊಟ ಆಸ್ಪತ್ರೆಯ ಕ್ಯಾಂಟೀನಿನಲ್ಲಿ.

“ಎಂತ ತಿಂದದ್ದು?” ಎಂದು ಲೋಲಾಕ್ಷಿಯಕ್ಕ ಕೇಳಿದಾಗ ಅವಳು ಕಣ್ಣೀರಿನ ನಡುವೆಯೇ ಸಿಡುಕಿದಳು. “ಮೊಸರನ್ನ! ನಿಮಗೆ ಊಟದ್ದೇ ಚಿಂತೆಯಾ?”

ಮುಂದಿನದು ಸುಜಿತ್. ಟ್ರೇಲರ್ ಓಡಿಸುವವನು, ಬಾಯಿ ಅದಕ್ಕಿಂತ ಜೋರು.

“ನನ್ನ ಮೇಲೆ ಡೌಟಾ? ನನ್ನ ಹಾಲ್, ನನ್ನ ಸೋಫಾ, ನನ್ನ ವೈಫೈ! ಮಾರುವುದಿದ್ರೆ ಮೊದಲ ವಾರವೇ ಮಾರ್ತಿದ್ದೆ, ಇಷ್ಟು ದಿನ ಅವನ ಗೊರಕೆ ಕೇಳ್ತಿರಲಿಲ್ಲ.”

“ಶುಕ್ರವಾರ ಎಲ್ಲಿದ್ದೆ?”

“ಜಬಲ್ ಅಲಿ. ಲೋಡಿಗೆ ಕಾಯ್ತಾ. ಗೇಟಿನಲ್ಲಿ ಕೇಳಿ.”

“ಊಟ?”

“ಬೆಳಿಗ್ಗೆಯೇ ಮೆಸ್ಸಿಗೆ ಹೋಗಿ ನನ್ನ ಡಬ್ಬಿ ತಗೊಂಡು ಹೋಗಿದ್ದೆ. ಕೋಳಿ ಸುಕ್ಕ. ಎರಡು ತುಂಡು, ಒಂದು ಬರೀ ಮೂಳೆ. ಅದನ್ನೂ ಕಂಪ್ಲೇಂಟ್ ಮಾಡ್ತೀರಾ?”

“ಸೋಮವಾರ?”

“ಸೋಮವಾರ ಎಂತ ಇರ್ತದೆ ಅಕ್ಕ? ಹರಿವೆ ಸೊಪ್ಪು. ಕೊರಗಪ್ಪಣ್ಣ ನಮಗೆ ಸೋಮವಾರ ಮೀನು ಹಾಕಿದ ದಿನ ಸೂರ್ಯ ಪಡುವಣದಲ್ಲಿ ಹುಟ್ತಾನೆ. ಸೋಮವಾರ, ಸಂಕ್ರಮಣ—ಅವರದು ಭಾರೀ ಶಿಸ್ತು. ಕೇಳಿದ್ರೆ ‘ನಿನ್ನ ಅಮ್ಮ ಹಾಕ್ತಾಳಾ?’ ಅಂತ ನನಗೇ ಬೈತಾರೆ.”

“ಪುರಂದರನ ಹೆಸರು ಮೆಸ್ಸಿಗೆ ಕೊಟ್ಟದ್ದು ನೀನಾ? ಎಂತ ಹೇಳಿದ್ದೆ?”

“ಪುರಂದರ, ಉಡುಪಿ, ಒಂದು ಡಬ್ಬಿ ಜಾಸ್ತಿ. ಖಲಾಸ್. ಅವರು ಎಲ್ಲ ಡಬ್ಬಿಗೂ ಹೆಸರಿನ ಚೀಟಿ ಅಂಟಿಸ್ತಾರೆ.”

ಜಮೀಲಕ್ಕ ಟೈಪಿಂಗ್ ಸೆಂಟರಿನ ಗಾಜಿನ ಹಿಂದಿನಿಂದಲೇ ಗುಡುಗಿದರು. “ಅವನ ಪಾಸ್‌ಪೋರ್ಟ್ ನನ್ನ ಹತ್ತಿರ ಉಂಟು, ಹೌದು. ದುಬೈಯಲ್ಲಿ ಅರ್ಧ ಮಂಗಳೂರಿನ ಪಾಸ್‌ಪೋರ್ಟ್ ನನ್ನ ಹತ್ತಿರ ಉಂಟು. ಬಾಯಿ ಬಿಡುವವಳಾಗಿದ್ರೆ ಈ ಅಂಗಡಿ ನಡೀತಿತ್ತಾ ಲೋಲಾಕ್ಷಿ?”

“ಬೇಜಾರು ಬೇಡ ಮಾರಾಯ್ತಿ. ಕೇಳುವುದು ನನ್ನ ಕೆಲಸ. ಅವನ ವೀಸಾ?”

“ಎಕ್ಸ್‌ಟೆನ್ಷನ್ ಹಾಕಿ ಆಯ್ತು. ಒಂದು ತಿಂಗಳು ಉಸಿರಾಡಬಹುದು. ಆದ್ರೆ ಒಂದು ಮಾತು—ಇಲ್ಲಿಂದ ಅವನು ಯಾರ ಹೆಸರು ಬರೆದು ಏನಾದರೂ ಆನ್‌ಲೈನ್ ಹಾಕಿದ್ರೆ, ಅವರು ಇಲ್ಲೇ ಕೇಸ್ ಹಾಕ್ತಾರೆ. ಹೊಡೆದದ್ದು ಅವರು, ಒಳಗೆ ಹೋಗುವುದು ಇವನು.”

ಅಲ್ಲಿಗೆ ಇನ್ನೊಂದು ಬಾಗಿಲೂ ಮುಚ್ಚಿತು.

ಕೊನೆಗೆ ಮೆಸ್ಸು. ನನಗೆ ಆಶ್ಚರ್ಯ. “ಕೊರಗಪ್ಪಣ್ಣನಿಗೆ ಅವನು ಡ್ಯಾರಲ್ ಅಂತಲೇ ಗೊತ್ತಿಲ್ಲವಲ್ಲ?”

“ಗೊತ್ತಿಲ್ಲ ಅಂತ ಅವರ ಬಾಯಿಂದ ಕೇಳಿಕೊಂಡು ಬರುವಾ,” ಎಂದರು.

ಕೊರಗಪ್ಪಣ್ಣ ದೊಡ್ಡ ಪಾತ್ರೆಯಲ್ಲಿ ತೆಂಗಿನಕಾಯಿ ಮಸಾಲೆ ಕುದಿಸುತ್ತಿದ್ದರು. ಮದುವೆಯಾಗದ ಮನುಷ್ಯ, ಅರ್ಧ ಆಯುಷ್ಯ ಇದೇ ಒಲೆಯ ಮುಂದೆ. ನನ್ನನ್ನು ಕಂಡರೆ ಯಾವಾಗಲೂ ಒಂದು ಮೀನಿನ ತುಂಡು ಜಾಸ್ತಿ.

“ಹುಡುಗ ಹೇಗಿದ್ದಾನೆ ಮಗಾ?”

“ಪರವಾಗಿಲ್ಲ ಅಣ್ಣ.”

“ಶುಕ್ರವಾರ ಡಬ್ಬಿ ಇಟ್ಟದ್ದು ನೀವೇನಾ?” ಲೋಲಾಕ್ಷಿಯಕ್ಕ ಮೃದುವಾಗಿಯೇ ಕೇಳಿದರು.

“ನಾನೇ. ಹಿಡಿಗೆ ಹಾಕಿ ಬಂದೆ. ಯಾರನ್ನೂ ನೋಡಲಿಲ್ಲ.”

“ಪುರಂದರನ ಪರಿಚಯ ಉಂಟಾ?”

“ಎಲ್ಲಿಂದ? ಮುಖವನ್ನೇ ನೋಡಿಲ್ಲ. ಉಡುಪಿ ಕಡೆಯ ನಮ್ಮವರೇ ಅಂತ ಸುಜಿತ್ ಹೇಳಿದ್ದ.”

“ನಿಮ್ಮ ಊರು?”

ಸೌಟು ಒಂದು ಕ್ಷಣ ನಿಂತಿತು. “ಹೊಳೆಯ ಈಚೆ. ಬೆಂಗ್ರೆಯ ಎದುರು ದಡ.”

“ಹಾಗಾದ್ರೆ ಕಿರಿಸ್ತಾನರ ನಡುವೆಯೇ ಬೆಳೆದವರು.”

“ಗೋಡೆಗೆ ಗೋಡೆ. ಅವರ ಹಬ್ಬದ ತಿಂಡಿ ಮೊದಲು ನಮ್ಮ ಮನೆಗೇ ಬರ್ತಿತ್ತು.”

ಲೋಲಾಕ್ಷಿಯಕ್ಕ ಎದ್ದರು. “ನಾಳೆ ಸಂಜೆ ಹುಡುಗನನ್ನು ಇವಳ ಮನೆಗೆ ತರ್ತೇವೆ. ಸ್ವಲ್ಪ ಗಂಜಿ ತಂದು ಕೊಡ್ತೀರಾ?”

ಹಿಂದಿರುಗುವಾಗ ಕಾರಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. “ಆ ದಿನ ನೆಲದ ಮೇಲೆ ಎಂತ ಚೆಲ್ಲಿತ್ತು? ಸರಿಯಾಗಿ ಹೇಳು.”

“ಅನ್ನ, ಬೇಳೆ ಸಾರು, ಅಲಸಂಡೆ ಪಲ್ಯ.”

“ಮತ್ತೆ?”

“ಮತ್ತೇನಿಲ್ಲ.”

“ಕನಸು ಕಾಣುವವರಿಗೆ ಒಂದು ಅನುಕೂಲ ಉಂಟು,” ಎಂದರು ಅವರು. “ಕಂಡದ್ದು ಮರೆಯುವುದಿಲ್ಲ. ಅರ್ಥವಾಗುವುದಿಲ್ಲ, ಅಷ್ಟೆ.”

*

ಭಾನುವಾರ ಸಂಜೆ. ಪರದೆ ಎಳೆದ ನಮ್ಮ ಹಾಲ್. ಡ್ಯಾರಲ್ ದಿಂಬಿಗೆ ಒರಗಿದ್ದ. ಅವನ ಕಾಲ ಬಳಿ ವೆಲಿಟಾ, ಕಿಟಕಿಯ ಪಕ್ಕ ಜಮೀಲಕ್ಕ. ಸುಜಿತ್ ಕಾರಿನ ಕೀ ತಿರುಗಿಸುತ್ತ ನಿಂತಿದ್ದ. ಎಲ್ಲಿಗೆ ಹೊರಡುವುದೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಬೆಲ್ ಆಯಿತು. ಎಲ್ಲರೂ ಬೆಚ್ಚಿದರು.

“ಮೆಸ್,” ಎಂದಿತು ಹೊರಗಿನ ಸ್ವರ.

ಡ್ಯಾರಲ್‌ನ ಎಡಗೈ ಹಾಸಿಗೆಯನ್ನು ಬಿಗಿಯಾಗಿ ಹಿಡಿಯಿತು. ನಾನು ಬಾಗಿಲು ತೆರೆದೆ. ಗಂಜಿಯ ಡಬ್ಬಿ ಹಿಡಿದು ಕೊರಗಪ್ಪಣ್ಣ ಒಳಬಂದರು. ಲೋಲಾಕ್ಷಿಯಕ್ಕ ಅವರ ಹಿಂದೆ ಬಾಗಿಲು ಹಾಕಿ ಅದಕ್ಕೇ ಕುರ್ಚಿ ಆನಿಸಿ ಕೂತರು.

“ಕೊರಗಪ್ಪಣ್ಣ, ನಿಮ್ಮ ಮೆಸ್ಸಿನಲ್ಲಿ ಶುಕ್ರವಾರದ ಸ್ಪೆಷಲ್ ಎಂತದು?”

“ಕೋಳಿ. ಎಲ್ಲರಿಗೂ ಗೊತ್ತುಂಟಲ್ಲ?”

ಡ್ಯಾರಲ್ ತಲೆ ಎತ್ತಿದ. “ಕೋಳಿಯಾ? ಶುಕ್ರವಾರ ತರಕಾರಿ ಅಲ್ಲವಾ?”

“ನಿನಗೆ ತರಕಾರಿ,” ಎಂದರು ಲೋಲಾಕ್ಷಿಯಕ್ಕ. “ಅಕ್ಷಿತಾಳಿಗೆ ಕೋಳಿ. ಸುಜಿತನಿಗೆ ಕೋಳಿ. ಅವರವರ ಡಬ್ಬಿ ಅವರವರು ತಿಂದಿರಿ, ಯಾರೂ ಇನ್ನೊಬ್ಬರದ್ದು ಇಣುಕಲಿಲ್ಲ. ಸೋಮವಾರ ಸುಜಿತನಿಗೆ ಹರಿವೆ ಸೊಪ್ಪು, ನಿನಗೆ ಬಂಗುಡೆ. ಇಡೀ ಬಿಲ್ಡಿಂಗಿನಲ್ಲಿ ಸೋಮವಾರ ಮೀನು, ಶುಕ್ರವಾರ ತರಕಾರಿ ಬಂದ ತುಳುವ ನೀನೊಬ್ಬನೇ, ಪುರಂದರ.”

ಅವರು ಕುರ್ಚಿಯಲ್ಲೇ ಕೊರಗಪ್ಪಣ್ಣನ ಕಡೆ ತಿರುಗಿದರು.

“ನಮ್ಮವರು ಸೋಮವಾರ ಮೀನು ಕೇಳಿದ್ರೆ ಅಮ್ಮನ ನೆನಪು ಮಾಡಿ ಬೈಯುವ ಮನುಷ್ಯ, ಕೊರಗಪ್ಪಣ್ಣ. ಅಂಥವರು ಉಡುಪಿಯ ಪುರಂದರನ ಚೀಟಿ ಅಂಟಿಸಿದ ಡಬ್ಬಿಗೆ ಸೋಮವಾರ ಬಂಗುಡೆ ಹಾಕ್ತಾರಾ? ಮರೆತು ಒಂದು ಸಲ ಹಾಕಬಹುದು. ಶುಕ್ರವಾರ ಅವನದ್ದೊಂದು ಡಬ್ಬಿಗೆ ಬೇರೆ ಪಲ್ಯ ಮಾಡುವುದು ಮರೆವಿನಿಂದ ಆಗುವುದಿಲ್ಲ. ಲೆಂಟಿನ ಶುಕ್ರವಾರ ಕಿರಿಸ್ತಾನರು ಮಾಂಸ ಮುಟ್ಟುವುದಿಲ್ಲ ಅಂತ ತಿಳಿದವರು, ಈ ಪುರಂದರ ಕಿರಿಸ್ತಾನ ಅಂತಲೂ ತಿಳಿದವರು—ಆ ಡಬ್ಬಿ ಕಟ್ಟಿದ್ದಾರೆ. ಮುಖವನ್ನೇ ನೋಡಿಲ್ಲ ಅಂದ್ರಿ ನನಗೆ. ಯಾಕೆ ಸುಳ್ಳು ಹೇಳಿದ್ರಿ ಅಣ್ಣ?”

“ಸುಜಿತ್... ಸುಜಿತ್ ಹೇಳಿರಬಹುದಲ್ಲ,” ಎಂದಳು ವೆಲಿಟಾ.

“ಹೇಳಿದ್ದರೆ ನಿನ್ನೆಯೇ ಇವರು ‘ಸುಜಿತ್ ಹೇಳಿದ’ ಅಂತಿದ್ರು. ಅದು ಸುಲಭ ಉತ್ತರ. ಗೊತ್ತಿದ್ದದ್ದನ್ನು ಮುಚ್ಚಿಡುವುದು ಯಾವಾಗ? ಅದರಿಂದ ಒಂದು ಕೆಲಸ ಮಾಡಿದ್ದಾಗ.”

ಕೊರಗಪ್ಪಣ್ಣ ಗಂಜಿಯ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನೆಲದ ಮೇಲೆ ಕುಳಿತರು.

“ಬಂದ ವಾರವೇ ಗೊತ್ತಾಯ್ತು,” ಎಂದರು. “ಡಬ್ಬಿ ತಗೊಳ್ಳಲಿಕ್ಕೆ ಬಾಗಿಲು ಸ್ವಲ್ಪ ತೆರೆದಿದ್ದ. ಕಂಡೆ. ಅದಕ್ಕೆ ಮೊದಲೇ ಇವನ ಫೋಟೊ ಊರಿನವರ ವಾಟ್ಸಾಪಿನಲ್ಲಿ ಬಂದಿತ್ತು—‘ಕಾಣೆಯಾಗಿದ್ದಾನೆ, ಮನೆಯವರು ಹುಡುಕ್ತಿದ್ದಾರೆ’ ಅಂತ. ಯಾವ ಮನೆಯವರು ಅಂತ ನನಗೆ ಗೊತ್ತಿಲ್ವಾ? ಯಾರಿಗೂ ಹೇಳಲಿಲ್ಲ. ಬೂದಿ ಬುಧವಾರ ಬಂತು, ಲೆಂಟು ಶುರುವಾಯ್ತು. ಪಾಪ, ಅಡಗಿ ಕೂತವನು, ಕೇಳಲಿಕ್ಕೂ ಆಗುವುದಿಲ್ಲ ಅವನಿಗೆ. ವ್ರತ ಕೆಡುವುದು ಬೇಡ ಅಂತ ನಾನೇ ಬೇರೆ ಮಾಡಿ ಕಟ್ಟಿದೆ.”

“ಮತ್ತೆ ಮಾರಿದೆಯಲ್ಲ!” ಸುಜಿತ್ ನುಗ್ಗಿದ. ಜಮೀಲಕ್ಕ ಅವನ ಅಂಗಿ ಹಿಡಿದು ಎಳೆದರು.

“ಕೀರ್ತನ್,” ಎಂದರು ಕೊರಗಪ್ಪಣ್ಣ. “ನನ್ನ ಅಳಿಯ. ಅಕ್ಕನ ಮಗ. ಅಕ್ಕನಿಗೂ ನನಗೂ ಇರುವುದು ಅವನೊಬ್ಬ. ಧಣಿಯ ಬೋಟಿಗೆ ಸೇರಿದ್ದಾನೆ ಅಂತ ನನಗೆ ತಿಳಿದದ್ದೇ ಅವರು ವಿಡಿಯೊ ಕಾಲ್ ಮಾಡಿದಾಗ. ಸುತ್ತ ನೀರು, ನಡುವೆ ಅವನು, ನಗ್ತಾ ಕೈ ಬೀಸಿದ. ಅವನಿಗೇ ಎಂತದೂ ಗೊತ್ತಿಲ್ಲ. ‘ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಮೆಸ್ ಇಟ್ಟವರು ನೀವು, ನಿಮಗೆ ತಿಳಿಯದೆ ಇರ್ತದಾ? ಕಡಲಿನಲ್ಲಿ ಬಿದ್ದವರನ್ನು ಯಾರು ಹುಡುಕ್ತಾರೆ ಮಾವ?’ ಅಂದರು. ಫ್ಲ್ಯಾಟಿನ ನಂಬರು ಹೇಳಿಬಿಟ್ಟೆ.”

“ಕೋಣೆಗೆ ಕರೆದದ್ದು?” ಡ್ಯಾರಲ್ ಕೇಳಿದ. ಅವನ ಸ್ವರ ಏರಲಿಲ್ಲ. “ಕಾಪಾಡಲಿಕ್ಕಾ, ಹಿಡಿದುಕೊಡಲಿಕ್ಕಾ?”

ಕೊರಗಪ್ಪಣ್ಣ ತುಂಬ ಹೊತ್ತು ಪ್ಲಾಸ್ಟರಿನ ಕೈಯನ್ನೇ ನೋಡಿದರು.

“ನನಗೇ ಗೊತ್ತಿಲ್ಲ ಮಗಾ. ಅವರು ‘ಮುಂದೆ ಎಲ್ಲಿಗೆ ಹೋಗ್ತಾನೆ ತಿಳಿಸು’ ಅಂದಿದ್ದಾರೆ. ನಾನು ನಿನ್ನನ್ನು ಕರೆದೆ. ಆಮೇಲೆ ಎಂತ ಮಾಡ್ತಿದ್ದೆ—ದೇವರಾಣೆ ಗೊತ್ತಿಲ್ಲ.”

“ಈಗ ನೇರ ಪೊಲೀಸಿಗೆ,” ಎಂದ ಸುಜಿತ್. “ಯಲ್ಲಾ, ಏಳು!”

“ಹೋಗ್ತಾರೆ,” ಎಂದರು ಲೋಲಾಕ್ಷಿಯಕ್ಕ. “ಆದ್ರೆ ಈಗ ಹೋದ್ರೆ ಆ ಬೋಟಿನವರಿಗೆ ಸುದ್ದಿ ಮುಟ್ಟುತ್ತದೆ. ಅಳಿಯ ಎಲ್ಲಿದ್ದಾನೆ?”

“ಕಡಲಲ್ಲಿ. ನಾಳೆ ಬೆಳಿಗ್ಗೆ ದಕ್ಕೆಗೆ ಬರ್ತದೆ ಬೋಟು.”

“ನಾಳೆಯವರೆಗೆ ಕಾಯಬೇಕಾ? ಇವನ ಅಳಿಯನಿಗೋಸ್ಕರ?” ಸುಜಿತ್‌ಗೆ ನಂಬಲಾಗಲಿಲ್ಲ. “ಡ್ಯಾರಲ್, ನಿನ್ನ ಕೈ ನೋಡು ಒಮ್ಮೆ!”

ಡ್ಯಾರಲ್ ನೋಡಲಿಲ್ಲ. “ಕಾಯುವಾ,” ಎಂದ. “ಕಂತು ಹೊರಗೆ ಬಂದ ಗಳಿಗೆಯೇ ಅವರು ಮೊದಲು ಕೈ ಹಾಕುವುದು ಬೋಟಿನಲ್ಲಿ ಇರುವವನ ಮೇಲೆ. ಕಜೆತಾನ್ ಸರ್ ಬೀದಿಯಲ್ಲಿ ಬಿದ್ದಾಗ ಯಾರೂ ನಿಲ್ಲಲಿಲ್ಲ ಅಂತ ನಾನು ಬರೀಲಿಕ್ಕೆ ಹೊರಟವನು. ನಾನೇ ನಿಲ್ಲದಿದ್ರೆ ಹೇಗೆ?”

ಲೋಲಾಕ್ಷಿಯಕ್ಕ ತಮ್ಮ ಕುರ್ಚಿಯಿಂದ ಎದ್ದು ಕೊರಗಪ್ಪಣ್ಣನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

“ಅವರಿಗೆ ಫೋನ್ ಮಾಡಿ. ಸ್ಪೀಕರಿನಲ್ಲಿ. ಹುಡುಗ ನಿಮ್ಮ ಕೋಣೆಗೆ ಬಂದಿದ್ದಾನೆ ಅನ್ನಿ.”

ಫೋನು ಆ ಕಡೆ ಎತ್ತುವವರೆಗೆ ನಾವು ಗೋಡೆಗೆ ಅಂಟಿದ ಗೊಂಬೆಗಳ ಹಾಗಿದ್ದೆವು. ಕೊರಗಪ್ಪಣ್ಣ ಒಂದು ಮಾತು ಅತ್ತ ಇತ್ತ ಮಾಡಿದರೆ ಮುಗಿಯಿತು. ನಾವಿದ್ದ ಕೋಣೆಯನ್ನೇ ಅವರು ಹೇಳಿಬಿಡಬಹುದಿತ್ತು.

“ಹಲೋ, ನಾನು ಮಾವ,” ಎಂದರು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. “ಹುಡುಗ ನನ್ನಲ್ಲೇ ಇದ್ದಾನೆ. ಕಿಚನ್ನಿನ ಮೇಲೆ. ಕೈ ಎತ್ತಲಿಕ್ಕಾಗುವುದಿಲ್ಲ ಅವನಿಗೆ. ಬರೆಯುವುದು ಖಲಾಸ್. ವೀಸಾ ಮುಗಿದ ಮೇಲೆ ನಾನೇ ವಿಮಾನ ಹತ್ತಿಸ್ತೇನೆ... ಅಲ್ಲ, ಒಂದು ಉಪಕಾರ ಮಾಡಿ. ನನ್ನ ಅಕ್ಕನಿಗೆ ಎದೆನೋವು. ಕೀರ್ತನನನ್ನು ಎರಡು ದಿನ ಮನೆಗೆ ಬಿಡಿ.”

ಆ ಕಡೆಯವನು ನಕ್ಕ. “ಮಾವ ಕೆಲಸ ಮಾಡಿದ್ದಾರೆ. ಬಿಡುವಾ, ಬಿಡುವಾ.”

ಫೋನ್ ಇಟ್ಟ ಮೇಲೆ ಕೊರಗಪ್ಪಣ್ಣ ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ಕೊನೆಗೆ ವೆಲಿಟಾ ಒಂದು ಲೋಟ ನೀರು ತಂದು, ಅವರ ಮುಖ ನೋಡದೆ, ಪಕ್ಕದಲ್ಲಿಟ್ಟಳು.

*

ಆ ರಾತ್ರಿಯೇ ಸುಜಿತನ ಕಾರಿನಲ್ಲಿ ಅಬುಧಾಬಿಗೆ ಹೊರಟೆವು. ಡ್ಯಾರಲ್ ಹಿಂದಿನ ಸೀಟಿನಲ್ಲಿ ಮಲಗಿದ್ದ. ವಾರಗಳ ನಂತರ ಹೊರಗೆ ಬಂದವನು ಕಿಟಕಿಯಿಂದ ಏನನ್ನೂ ನೋಡುವಂತಿರಲಿಲ್ಲ.

ಜಮೀಲಕ್ಕನ ತಂಗಿ ಮೈಮೂನ ಏನೂ ಕೇಳಲಿಲ್ಲ. ಮಕ್ಕಳ ಕೋಣೆ ಬಿಟ್ಟುಕೊಟ್ಟರು. ಗೋಡೆಯಲ್ಲಿ ಕಾರ್ಟೂನು ಬೆಕ್ಕುಗಳು. ಅವುಗಳ ಕೆಳಗೆ ಸೋಮವಾರ ಇಡೀ ದಿನ ಅವನು ಹೇಳಿದ, ನಾನು ಟೈಪ್ ಮಾಡಿದೆ. ಬೋಟುಗಳ ಹೆಸರು. ಐಸ್ ಫ್ಯಾಕ್ಟರಿಯ ಹಿಂಬಾಗಿಲು. ಕತ್ತಿ ಹಿಡಿದವರು, ಅವರನ್ನು ಬೈಕಿನಲ್ಲಿ ತಂದವರು, ಆ ಹೊತ್ತಿಗೆ ಠಾಣೆಯಿಂದ ಜೀಪು ಬೇರೆ ಕಡೆಗೆ ಕಳುಹಿಸಿದವರು. ನಡುನಡುವೆ ಅವನ ಸ್ವರ ನಿಲ್ಲುತ್ತಿತ್ತು. ನಾನು ತಲೆ ಎತ್ತುತ್ತಿರಲಿಲ್ಲ.

ಅಜ್ಜಿಯ ಕಥೆಗಳಲ್ಲಿ ರಾಕ್ಷಸನಿಗೆ ಹೆಸರಿರುವುದಿಲ್ಲ. ಇದರಲ್ಲಿತ್ತು. ಅದನ್ನು ಅಕ್ಷರ ಅಕ್ಷರವಾಗಿ ಹೊಡೆದೆ.

“ಕೆಳಗೆ ನಿನ್ನ ಹೆಸರಾ?” ಎಂದೆ.

“ಕಜೆತಾನ್. ಅಷ್ಟೇ ಹಾಕು.”

ಬರೆದದ್ದು ಅಲ್ಲಿಂದ ನೇರವಾಗಿ ಕಾರ್ಮಿನ್ ಅವರಿಗೆ ಹೋಯಿತು. ಬೆಂಗ್ರೆ ಬಿಟ್ಟು ದೂರದ ಒಂದು ಕಾನ್ವೆಂಟಿನಲ್ಲಿದ್ದರು ಅವರು. ಪ್ರಕಟಿಸುವ ಕೈ ಅವರದ್ದೇ. ‘ಹೇಳುವವರೆಗೆ ಹಾಕಬೇಡಿ ಬಾಯಿ’ ಎಂದು ಡ್ಯಾರಲ್ ನನ್ನ ಫೋನಿನಿಂದ ಸಂದೇಶ ಕಳುಹಿಸಿದ.

ಕಾದೆವು. ಸೋಮವಾರ ರಾತ್ರಿ ಕೀರ್ತನ್ ಅಮ್ಮನನ್ನು ಕರಕೊಂಡು ಬೆಳಗಾವಿಯ ಬಸ್ಸು ಹತ್ತಿದ ಎಂದು ಕೊರಗಪ್ಪಣ್ಣ ಹೇಳಿದರು. ಅಲ್ಲಿ ಅವರ ಹಳೆಯ ಗೆಳೆಯನ ಹೋಟೆಲು. ದಾರಿಯಲ್ಲಿ ಫೋನು ಎತ್ತಲಿಲ್ಲ. ಮೈಮೂನ ಚಹಾ ತಂದಿಟ್ಟರು, ಆರಿತು. ಮತ್ತೆ ತಂದರು. ಡ್ಯಾರಲ್ ಗೋಡೆಯ ಬೆಕ್ಕುಗಳನ್ನು ನೋಡುತ್ತ ಮಲಗಿದ್ದ.

ಮಂಗಳವಾರ ಬೆಳಿಗ್ಗೆ ಲೋಲಾಕ್ಷಿಯಕ್ಕನ ಫೋನು. ಹಿಂದೆ ಗಾಡಿಗಳ ಸದ್ದು.

“ಕೀರ್ತನ್ ಮುಟ್ಟಿದ. ನಾನೇ ಮಾತಾಡಿದೆ, ಇಡ್ಲಿ ತಿಂತಾ ಇದ್ದಾನೆ. ಇಲ್ಲಿ ನಾನು, ಕೊರಗಪ್ಪಣ್ಣ, ಪೊಲೀಸ್ ಸ್ಟೇಷನ್ನಿನ ಎದುರಿಗಿದ್ದೇವೆ. ಇವರು ಶೇವ್ ಮಾಡಿ, ಇಸ್ತ್ರಿ ಅಂಗಿ ಹಾಕಿ ಬಂದಿದ್ದಾರೆ. ಒಳಗೆ ಹೋಗ್ತೇವೆ. ನೀವು ನಿಮ್ಮ ಕೆಲಸ ಮಾಡಿ.”

ನಾನು ಕಾರ್ಮಿನ್ ಅವರಿಗೆ ಕರೆ ಮಾಡಿ ಫೋನನ್ನು ಡ್ಯಾರಲ್‌ನ ಕಿವಿಗೆ ಹಿಡಿದೆ.

“ಹಾಕಿ ಬಾಯಿ,” ಎಂದ.

ಆ ಕಡೆ ಏನೂ ಕೇಳಿಸಲಿಲ್ಲ. ಕೀಲಿಮಣೆಯ ಟಕಟಕ ಮಾತ್ರ, ನಿಧಾನವಾಗಿ, ಒಂದೇ ಬೆರಳಿನದ್ದು. ನಿಂತಿತು. ಮತ್ತೆ ಶುರುವಾಯಿತು. ಡ್ಯಾರಲ್ ಕಣ್ಣು ಮುಚ್ಚಿದ್ದ.

“ಎರಡನೇ ಪ್ಯಾರಾದಲ್ಲಿ ಒಂದು ಒತ್ತಕ್ಷರ ತಪ್ಪಿತ್ತು,” ಎಂದರು ಕಾರ್ಮಿನ್ ಬಾಯಿ. “ಅವರಿದ್ದಿದ್ರೆ ಬಿಡ್ತಿರಲಿಲ್ಲ. ತಿದ್ದಿದೆ. ಹಾಕಿ ಆಯಿತು.”